ನಿಷೇಧವೊಂದೇ ಸಾಲದು: ಪ್ಲಾಸ್ಟಿಕ್ ಚೀಲದ ರಸಾಯನ ಮತ್ತು ಲೆಕ್ಕಾಚಾರ

ಪ್ಲಾಸ್ಟಿಕ್ ಮಾಲಿನ್ಯದ ವಿರುದ್ಧ ಜಾಗತಿಕ ಒಪ್ಪಂದವೊಂದನ್ನು ರೂಪಿಸಬೇಕೆಂದು ವಿಶ್ವಸಂಸ್ಥೆಯ ಪರಿಸರ ಸಭೆಯು 2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ನಿರ್ಣಯಿಸಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ನಡೆದ ಮಾತುಕತೆ ಒಮ್ಮತವಿಲ್ಲದೆ ಮುಗಿಯಿತು. ಪ್ಲಾಸ್ಟಿಕ್ಕಿನ ಉತ್ಪಾದನೆಗೇ ಮಿತಿ ಹೇರಬೇಕೆಂದು ಅನೇಕ ರಾಷ್ಟ್ರಗಳು ವಾದಿಸಿದರೆ, ತ್ಯಾಜ್ಯದ ನಿರ್ವಹಣೆಯಷ್ಟೇ ಸಾಕೆಂದು ಪೆಟ್ರೋಲಿಯಂ ಉತ್ಪಾದಕ ರಾಷ್ಟ್ರಗಳು ಪಟ್ಟು ಹಿಡಿದವು. ಉತ್ಪಾದನೆಗೆ ಮಿತಿ ಬೇಡವೆಂಬುದೇ ಭಾರತದ ನಿಲುವೂ ಆಗಿತ್ತು.

ದೂರದ ಜಿನೀವಾದ ಈ ಜಗಳ ನಮ್ಮ ಅಡುಗೆಮನೆಯದೂ ಹೌದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ಮುಂಬಯಿ ಮುಳುಗಿದಾಗ, ಇತರ ಕಾರಣಗಳೊಂದಿಗೆ ಚರಂಡಿಗಳನ್ನು ಕಟ್ಟಿಹಾಕಿದ ತೆಳು ಚೀಲಗಳತ್ತಲೂ ಬೆರಳು ತೋರಲಾಯಿತು. ಆ ಬಳಿಕ ನಿಷೇಧಗಳಿಗೇನೂ ಕೊರತೆಯಾಗಿಲ್ಲ. ಕರ್ನಾಟಕವು 2016ರಲ್ಲಿ, ಮಹಾರಾಷ್ಟ್ರವು 2018ರಲ್ಲಿ ನಿಷೇಧ ಹೇರಿದವು. 2022ರ ಜುಲೈ 1ರಿಂದ ಏಕಬಳಕೆಯ ಹಲವು ವಸ್ತುಗಳಿಗೆ ದೇಶವ್ಯಾಪಿ ನಿಷೇಧ ಬಂತು. ಆದರೂ ನಮ್ಮ ಕರಾವಳಿಯವರು ‘ತೊಟ್ಟೆ’ ಎನ್ನುವ ಆ ಚೀಲ ಸಂತೆಯಿಂದ ಮರೆಯಾಗಿಲ್ಲ. ಏಕೆಂಬುದನ್ನು ತಿಳಿಯಲು ಅದರ ರಸಾಯನವನ್ನು ಸ್ವಲ್ಪ ಅರಿಯಬೇಕು. ಕಲಾ ವಿಭಾಗದಲ್ಲಿ ಓದಿದ ನನ್ನಂಥವರಿಗೂ ಅದು ನಿಲುಕದ ವಿಷಯವೇನಲ್ಲ.

ಇಂಗಾಲ ಮತ್ತು ಜಲಜನಕಗಳೆರಡೇ ಸೇರಿ ಆದ ಸಂಯುಕ್ತಗಳಿಗೆ ಹೈಡ್ರೋಕಾರ್ಬನ್ ಎಂದು ಹೆಸರು. ಅಡುಗೆ ಅನಿಲ, ಪೆಟ್ರೋಲು, ಮೇಣದಬತ್ತಿಯ ಮೇಣ ಇವೆಲ್ಲ ಒಂದೇ ಕುಟುಂಬದವು. ಇಂಗಾಲದ ಸರಪಣಿ ಉದ್ದವಾದಂತೆ ಅನಿಲವು ದ್ರವವಾಗಿ, ದ್ರವವು ಘನವಾಗುತ್ತದೆ. ಎಥಿಲೀನ್ ಎಂಬ ಅನಿಲದ ಅಣುವಿನಲ್ಲಿ ಎರಡು ಇಂಗಾಲದ ಪರಮಾಣುಗಳು ಜೋಡಿ ಬಂಧದಿಂದ ಕೂಡಿಕೊಂಡಿವೆ. ಆ ಜೋಡಿಯಲ್ಲಿ ಒಂದು ಬಂಧ ಬಿಚ್ಚಿಕೊಂಡರೆ ಅಣುವು ನೆರೆಯ ಅಣುವಿನ ಕೈ ಹಿಡಿಯುತ್ತದೆ, ಅದು ಮತ್ತೊಂದರದು. ಹೀಗೆ ಸಾವಿರಾರು ಅಣುಗಳು ಸಾಲುಗಟ್ಟಿದಾಗ ಪಾಲಿಥೀನ್ ಹುಟ್ಟುತ್ತದೆ. 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪೆನಿಯ ಪ್ರಯೋಗಾಲಯದಲ್ಲಿ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಬೇರೇನನ್ನೋ ಮಾಡಹೊರಟಾಗ ಪಾತ್ರೆಯಲ್ಲಿ ಕಂಡ ಮೇಣದಂಥ ಬಿಳಿಯ ವಸ್ತುವೇ ಇದು.

ಹತ್ತಿಯ ಬಟ್ಟೆಯೂ ಪಾಲಿಮರ್ ಸರಪಣಿಯೇ. ಆದರೆ ಅದರ ಕೊಂಡಿಗಳ ನಡುವೆ ಆಮ್ಲಜನಕವಿದ್ದು, ಮಣ್ಣಿನ ಸೂಕ್ಷ್ಮಾಣುಗಳು ಅಲ್ಲಿಯೇ ಕತ್ತರಿ ಹಾಕುತ್ತವೆ. ಪಾಲಿಥೀನ್ ಸರಪಣಿಯಲ್ಲಿರುವುದು ಇಂಗಾಲಕ್ಕೆ ಇಂಗಾಲ ಮಾತ್ರ. ಕತ್ತರಿ ಹಾಕಲು ಸಂದಿಯೇ ಇಲ್ಲ. ನೀರಿಗೆ ಕರಗದ, ಎಣ್ಣೆ ಉಪ್ಪುಗಳಿಗೆ ಜಗ್ಗದ ಯಾವ ಗುಣಕ್ಕಾಗಿ ನಾವು ಅದನ್ನು ಮೆಚ್ಚಿದೆವೋ ಆ ಗುಣವೇ ಇಂದು ಶಾಪವಾಗಿದೆ. ಬಿಸಿಲಿಗೆ ಅದು ಚೂರುಚೂರಾಗುತ್ತದೆಯೇ ಹೊರತು ಸುಲಭಕ್ಕೆ ಮಣ್ಣಾಗದು.

ಈಗ ಒಂದು ಸೋಜಿಗವನ್ನು ಗಮನಿಸಬೇಕು. ಹಾಲಿನ ಪೊಟ್ಟಣವೂ ಪಾಲಿಥೀನೇ, ಚರಂಡಿಯ ಚೀಲವೂ ಪಾಲಿಥೀನೇ. ಆದರೆ ಪೊಟ್ಟಣವನ್ನು ನಮ್ಮ ಗೃಹಿಣಿಯರು ತೊಳೆದು, ಒಣಗಿಸಿ, ರದ್ದಿಯವನಿಗೆ ಮಾರುತ್ತಾರೆ. ರಸಾಯನ ಒಂದೇ ಆಗಿದ್ದರೂ ಗತಿ ಬೇರೆ. ಕಾರಣ, ಒಂದಕ್ಕೆ ಬೆಲೆಯಿದೆ, ಇನ್ನೊಂದಕ್ಕಿಲ್ಲ.

ಬ್ಯಾಂಕಿನವನಾದ ಕಾರಣ ಲೆಕ್ಕ ಹಾಕಿ ನೋಡಿದೆ. 30 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ 20 ಮೈಕ್ರಾನ್ ಚೀಲ ಸುಮಾರು ನಾಲ್ಕೂವರೆ ಗ್ರಾಂ ತೂಗುತ್ತದೆ. ಒಂದು ಕಿಲೋ ಕೂಡಿಸಲು ಚಿಂದಿ ಆಯುವವರು 220ಕ್ಕೂ ಹೆಚ್ಚು ಬಾರಿ ಬಾಗಬೇಕು. ಅದೇ ಅಳತೆಯ 120 ಮೈಕ್ರಾನ್ ಚೀಲವಾದರೆ 40 ಕೂಡ ಬೇಡ. ಸರಕಾರವು ಚೀಲದ ಕನಿಷ್ಠ ದಪ್ಪವನ್ನು 2021ರ ಸೆಪ್ಟೆಂಬರ್‌ನಲ್ಲಿ 75 ಮೈಕ್ರಾನಿಗೂ, 2022ರ ಡಿಸೆಂಬರ್‌ನಲ್ಲಿ 120 ಮೈಕ್ರಾನಿಗೂ ಏರಿಸಿದ್ದರ ಹಿಂದಿನ ತರ್ಕ ಇದುವೇ. ಆದರೆ ಇದೇ ಲೆಕ್ಕದ ಇನ್ನೊಂದು ಮುಖವೂ ಇದೆ. ಆ ದಪ್ಪ ಚೀಲವನ್ನೂ ಒಮ್ಮೆ ಬಳಸಿ ಎಸೆದರೆ ಆರು ಪಟ್ಟು ಪ್ಲಾಸ್ಟಿಕ್ ಎಸೆದಂತಾಯಿತು.

ಇನ್ನು ಮದುವೆ ಮುಂಜಿಗಳಲ್ಲಿ ತಾಂಬೂಲದೊಂದಿಗೆ ಕೊಡುವ ಬಟ್ಟೆಯಂಥ ಚೀಲಗಳು. ಅವನ್ನು ಬಟ್ಟೆಯೆಂದೇ ಅನೇಕರು ನಂಬಿದ್ದಾರೆ. ನೇಯದೆ ತಯಾರಿಸುವ ಈ ಹಾಳೆ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಅಂದರೆ ಪಾಲಿಥೀನಿನ ಸೋದರ. ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಕಾರ್ಖಾನೆಯಲ್ಲೂ ಈ ಪಾಲಿಮರ್ ತಯಾರಾಗುತ್ತದೆ. ಕಡ್ಡಿಯಿಟ್ಟು ನೋಡಿದರೆ ಹತ್ತಿ ಬೂದಿಯಾಗುತ್ತದೆ, ಇದು ಕರಗಿ ಮುದ್ದೆಯಾಗುತ್ತದೆ. ಚಿಪ್ಸ್ ಪೊಟ್ಟಣಗಳದು ಮತ್ತೊಂದು ಕಥೆ. ಬೇರೆ ಬೇರೆ ಪದರಗಳನ್ನು ಬೆಸೆದಿರುವುದರಿಂದ ಅವನ್ನು ಬಿಡಿಸಿ ಕರಗಿಸುವುದು ಕಷ್ಟ, ಗುಜರಿಯವನೂ ಮುಟ್ಟುವುದಿಲ್ಲ. ಆಮಂತ್ರಣ ಪತ್ರಿಕೆಗೆ ಹೊದಿಸುವ ಪ್ಲಾಸ್ಟಿಕ್ ಹಾಳೆಯನ್ನು ನಿಷೇಧಿಸಿದ 2022ರ ಪಟ್ಟಿಯಲ್ಲಿ ಈ ಪೊಟ್ಟಣಗಳಿಲ್ಲದಿರುವುದು ವಿಪರ್ಯಾಸ.

ಹಾಗಾದರೆ ಪರಿಹಾರವೇನು? ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ 2022ರಲ್ಲಿ ಮದ್ರಾಸ್ ಹೈಕೋರ್ಟಿನ ಸೂಚನೆಯಂತೆ ಸರಕಾರಿ ಮದ್ಯದಂಗಡಿಗಳು ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ಮರಳಿಸಿದವರಿಗೆ ಹಿಂದಿರುಗಿಸತೊಡಗಿದವು. ಬಹುಪಾಲು ಬಾಟಲಿಗಳು ಮರಳಿ ಬಂದವು. ಅವು ಗಾಜಿನವು ನಿಜ, ಆದರೆ ತತ್ತ್ವ ಒಂದೇ: ಠೇವಣಿಯಿಟ್ಟ ವಸ್ತುವನ್ನು ಯಾರೂ ಬೀದಿಗೆ ಎಸೆಯುವುದಿಲ್ಲ. ಮಹಾರಾಷ್ಟ್ರದ 2018ರ ಆದೇಶದಲ್ಲೂ ಹಾಲಿನ ಪೊಟ್ಟಣಕ್ಕೆ 50 ಪೈಸೆಯ ಮರುಖರೀದಿ ಬೆಲೆ ಮುದ್ರಿಸಬೇಕೆಂಬ ಮಾತಿತ್ತು. ಅದು ಮನೆಬಾಗಿಲಿಗೆ ತಲುಪಲಿಲ್ಲ. ತರಕಾರಿ ಮಾರುವ ಬಡವನ ಮೇಲೆ ದಂಡ ವಿಧಿಸುವುದು ಸುಲಭ. ತಯಾರಕರಿಂದ ಪೊಟ್ಟಣ ವಾಪಸು ತೆಗೆಸುವುದು ಕಷ್ಟ. ನಮ್ಮ ಆಡಳಿತವು ಸುಲಭದ್ದನ್ನೇ ಆರಿಸಿಕೊಂಡಿದೆ.

ಇಂಗಾಲದ ಸರಪಣಿಯನ್ನು ಮಣ್ಣು ಜೀರ್ಣಿಸಿಕೊಳ್ಳಲಾರದು ಎಂದ ಮೇಲೆ, ಅದನ್ನು ಹಿಂದಕ್ಕೆ ಪಡೆಯುವ ಹೊಣೆ ಮಾಡಿದವರದೂ ಬಳಸಿದವರದೂ ಆಗಲೇಬೇಕು. ಸರಕಾರ ಠೇವಣಿಯ ಪದ್ಧತಿಯನ್ನು ಕಡ್ಡಾಯಗೊಳಿಸಲಿ. ಅಲ್ಲಿಯವರೆಗೆ ಸಂತೆಗೆ ಹೊರಡುವಾಗ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ಹಳೆಯ ಬಟ್ಟೆ ಚೀಲವನ್ನು ಮರೆಯದಿರೋಣ.