ಸ್ಕ್ಯಾನಿಂಗಿಗೆ ಹೋದಾಗ ಏನು ಕೇಳಬೇಕು?

ಮಿಕ್ಸಿ ಕೊಳ್ಳುವಾಗ ನಾವು ಏನೇನು ನೋಡ್ತೀವಿ? ಬೆಲೆ ಎಷ್ಟು, ನುಣ್ಣಗೆ ರುಬ್ಬುತ್ತದೆಯೇ, ಎಷ್ಟು ವರ್ಷ ಬಾಳಿಕೆ ಬರುತ್ತದೆ ಅಂತ. ಆಸ್ಪತ್ರೆಯ ಯಂತ್ರಕ್ಕೆ ಇಷ್ಟು ಸಾಲದು. ಅದರಿಂದ ಯಾರಿಗೆ ಒಳಿತು, ಯಾರಿಗೆ ಕೇಡು ಎಂದೂ ಕೇಳಬೇಕು.

ಸ್ಕ್ಯಾನಿಂಗನ್ನೇ ತೆಗೆದುಕೊಳ್ಳಿ. ಮಗು ಬೆಳೆಯುತ್ತಿದೆಯೇ, ಅವಳಿಯೇ, ಮಾಸು ಎಲ್ಲಿದೆ ಎಂಬುದನ್ನೆಲ್ಲ ನೋವಿಲ್ಲದೆ ತೋರಿಸಿ ಎಷ್ಟೋ ಬಸುರಿಯರ ಜೀವ ಉಳಿಸಿದೆ. ಅದೇ ಯಂತ್ರ ಗಂಡೋ ಹೆಣ್ಣೋ ಎಂಬುದನ್ನೂ ತೋರಿಸುತ್ತೆ. ಅಲ್ಲೇ ಬಂತು ನೋಡಿ ಕೇಡು! ಇದನ್ನು ತಡೆಯಲು 1994ರಲ್ಲಿ ಕಾನೂನಾಯಿತು. ಆದರೂ ದೇಶದಲ್ಲಿ ಆರು ವರ್ಷದವರೆಗಿನ 1000 ಗಂಡುಮಕ್ಕಳಿಗೆ 1991ರಲ್ಲಿ 945 ಇದ್ದ ಹೆಣ್ಣುಮಕ್ಕಳು 2001ಕ್ಕೆ 927ಕ್ಕೆ ಇಳಿದರು. 2003ರಲ್ಲಿ ಕಾನೂನು ಇನ್ನೂ ಬಿಗಿಯಾಯಿತು. ಅಷ್ಟಾದರೂ 2023ರಲ್ಲಿ ಮಂಡ್ಯದ ಕಡೆ ಆಲೆಮನೆಯೊಂದರಲ್ಲಿ ಕದ್ದು ಸ್ಕ್ಯಾನಿಂಗ್ ನಡೆಯುತ್ತಿದ್ದುದು ಬಯಲಾಯಿತು. ಬೆಲ್ಲ ಮಾಡುವ ಜಾಗದಲ್ಲಿ ಎಂಥ ಕೆಲಸ!

ಕಾನೂನು ಹೊಸಿಲ ತನಕ ಬರಬಹುದು. ಒಳಗಿನ ಮಾತು ನಮ್ಮದೇ ತಾನೇ? ಸೊಸೆಯನ್ನು ಕರೆದುಕೊಂಡು ಹೋಗುವ ಅತ್ತೆಯರೇ, “ತಾಯಿ, ಮಗು ಚೆನ್ನಾಗಿದ್ದಾರಾ ಡಾಕ್ಟ್ರೇ?” ಅಂತ ಮಾತ್ರ ಕೇಳಿ. ಅವತ್ತು ರಾತ್ರಿ ಆ ಹುಡುಗಿ ನೆಮ್ಮದಿಯಾಗಿ ನಿದ್ದೆ ಮಾಡ್ತಾಳೆ.