ಪರಮಾಪ್ತವೆಂಬ ಹುಸಿಹೆಸರು

ಹೆಸರು ತಪ್ಪಿದರೆ ವಿಚಾರವೂ ತಪ್ಪುವುದೆಂಬುದಕ್ಕೆ ‘ಪರಮಾಪ್ತ ರಾಷ್ಟ್ರ’ವೆಂಬ ಮಾತಿಗಿಂತ ಬೇರೆ ನಿದರ್ಶನವು ಬೇಡ. 2019ನೆಯ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ನಮ್ಮ 40 ಯೋಧರು ಹತರಾದರು. ಮರುದಿನವೇ ಭಾರತ ಸರಕಾರವು ಪಾಕಿಸ್ತಾನದ ಈ ಸ್ಥಾನವನ್ನು ಹಿಂತೆಗೆದುಕೊಂಡಿತು. ಇಂಥವರನ್ನು ಇಷ್ಟು ದಿನ ಪರಮಾಪ್ತರೆಂದೆವೆ ಎಂದು ಜನರು ಬೆರಗಾದರೆ ಅದು ಜನರ ತಪ್ಪಲ್ಲ, ಹೆಸರಿನ ತಪ್ಪು.

ಈ ಸ್ಥಾನದಲ್ಲಿ ಆಪ್ತತೆಯ ಗಂಧವೂ ಇಲ್ಲ. 1947ರ ಸುಂಕ-ವ್ಯಾಪಾರಗಳ ಒಪ್ಪಂದದ ಮೊದಲನೆಯ ಕಲಮಿನಂತೆ ಒಬ್ಬನಿಗೆ ಕೊಟ್ಟ ಸುಂಕದ ಸವಲತ್ತನ್ನು ಉಳಿದ ಸದಸ್ಯರಿಗೂ ಕೊಡತಕ್ಕದ್ದು. ಎಲ್ಲರಿಗೂ ಒಂದೇ ತಕ್ಕಡಿ. 1996ರಲ್ಲಿ ನಾವು ಕೊಟ್ಟುದು ಇಷ್ಟೇ. ಅವರು ನಮಗೆ ಇಷ್ಟನ್ನೂ ಕೊಡಲಿಲ್ಲವೆಂಬುದನ್ನು ನಾವು ಮುಚ್ಚಿಡುವುದಿಲ್ಲ.

ಫೆಬ್ರುವರಿ 16ರಂದು ಅಲ್ಲಿಯ ಸರಕಿನ ಮೇಲೆ ಶೇಕಡಾ 200ರ ಸುಂಕವು ಬಿದ್ದಿತು. ನಮ್ಮ ಸುಂಕದ ಕಾಯಿದೆಯಲ್ಲಿ ಸರಕಾರಕ್ಕೆ ತುರ್ತಿನ ಅಧಿಕಾರವುಂಟು: ಮೊದಲು ಪ್ರಕಟಣೆ, ಆಮೇಲೆ ಪಾರ್ಲಿಮೆಂಟಿನ ಒಪ್ಪಿಗೆ. 2022ರಲ್ಲಿ ಅಮೆರಿಕವು ರಷ್ಯದ ಇಂಥದೇ ಸ್ಥಾನವನ್ನು ಕಳೆದಾಗ ಮಸೂದೆಯು ಎರಡೂ ಸಭೆಗಳ ಮತವನ್ನು ಪಡೆಯಬೇಕಾಯಿತು; ಸೆನೆಟಿನ 100 ಮತಗಳೂ ಒಂದೇ ಕಡೆಗೆ ಬಿದ್ದವು. ನಮ್ಮಲ್ಲಾದರೋ ಒಪ್ಪಿಗೆ ಕೇಳುವ ಹೊತ್ತಿಗೆ ಆಗುವುದೆಲ್ಲ ಆಗಿಹೋಗಿರುತ್ತದೆ.

ವ್ಯಾಪಾರವನ್ನು ಎಂದೂ ಕಡಿಯಬಾರದೆಂಬುದು ನಮ್ಮ ವಾದವಲ್ಲ. 1946ರಲ್ಲಿ ದಕ್ಷಿಣ ಆಫ್ರಿಕದ ಭಾರತೀಯರಿಗಾದ ಅವಮಾನಕ್ಕಾಗಿ ಭಾರತವು ಅದರೊಡನೆ ವ್ಯಾಪಾರವನ್ನು ಕಡಿದುದು ಧರ್ಮವೇ ಆಗಿತ್ತು. ಆದರೆ ಪೆಟ್ಟು ಯಾರಿಗೆ ತಾಕುವುದೆಂದು ನೋಡಬೇಡವೆ? 2017-18ರಲ್ಲಿ ನಾವು ಪಾಕಿಸ್ತಾನದಿಂದ ಕೊಂಡದ್ದು ಸುಮಾರು 49 ಕೋಟಿ ಡಾಲರಿನ ಸರಕು. ಮಾರಿದ್ದು ಸುಮಾರು 192 ಕೋಟಿಯದು. ಆಗಸ್ಟಿನಲ್ಲಿ ಕಾಶ್ಮೀರದ ನಿರ್ಣಯವನ್ನು ಮುಂದೆ ಮಾಡಿ ಅವರೂ ವ್ಯಾಪಾರವನ್ನು ನಿಲ್ಲಿಸಿದರು. ಅಟ್ಟಾರಿಯ ಹಮಾಲರು ಕೂಲಿಯನ್ನು ಕಳೆದುಕೊಂಡರು. ಲಿಂಗಸುಗೂರು, ಮಸ್ಕಿಗಳ ಕರಿಯ ನೆಲದಲ್ಲಿ ಹತ್ತಿ ಬೆಳೆಯುವವನಿಗೂ ಇದು ದೂರದ ಸುದ್ದಿಯಲ್ಲ. ಭಾರತದ ಹತ್ತಿಗೆ ಪಾಕಿಸ್ತಾನದ ಗಿರಣಿಗಳು ಗಿರಾಕಿಗಳಾಗಿದ್ದವು. 2021ನೆಯ ಮಾರ್ಚ್ 31ರಂದು ಅಲ್ಲಿಯ ಆರ್ಥಿಕ ಸಮಿತಿಯು ನಮ್ಮ ಹತ್ತಿಯನ್ನು ತರಿಸಲು ಒಪ್ಪಿತು. ಮರುದಿನವೇ ಮಂತ್ರಿಮಂಡಲವು ತಡೆಯಿತು. ಹಟವು ಎರಡೂ ದಡದಲ್ಲಿ ಬೆಳೆಯುತ್ತದೆ.

1948ರಲ್ಲಿ ಹೈದರಾಬಾದು ಸಂಸ್ಥಾನದ ಮೇಲೆ ಆರ್ಥಿಕ ದಿಗ್ಬಂಧನವಿದ್ದಾಗ ನಮ್ಮ ಹಟ್ಟಿಯೂ ಅದರೊಳಗೆ ಇತ್ತು. ಅಂಥ ದಿನಗಳಲ್ಲಿ ನಿಜಾಮನ ಅರಮನೆಯ ಒಲೆಯು ಆರುವುದಿಲ್ಲ, ಆರುವುದು ಬಡವನದು.

2025ನೆಯ ಮೇ 2ರಂದು ಪಾಕಿಸ್ತಾನದ ಆಮದೆಲ್ಲವೂ ನಿಷಿದ್ಧವಾಯಿತು. ದೇಶದ ಮಾನಕ್ಕಾಗಿ ಈ ನಷ್ಟವನ್ನು ಹೊರಬೇಕೆಂದರೆ ಹೊರೋಣ. ಆದರೆ ಹೊರೆಯನ್ನು ಹಮಾಲನ, ರೈತನ ತಲೆಯ ಮೇಲಷ್ಟೇ ಇರಿಸದೆ ಬೊಕ್ಕಸವೂ ಹೊರಲಿ. ಎಷ್ಟು ಹೊರುವುದೆಂಬ ಲೆಕ್ಕವನ್ನು ರಾಯಚೂರಿನಿಂದ ಲೋಕಸಭೆಗೆ ಹೋದವರು ಎದ್ದು ನಿಂತು ಕೇಳಲಿ.