ಮಳವಳ್ಳಿಯ ಮೇಲಿನ ದಾಳಿಯನ್ನು ‘ಮುಂಜಾಗ್ರತೆ’ ಎನ್ನಬೇಡಿ

ಮಾರ್ಚ್ 27 ಮತ್ತೆ ಬರುತ್ತಿದೆ. 1799ರಲ್ಲಿ ಅದೇ ದಿನ, ಇಂದು ಶಿವನಸಮುದ್ರದ ಜಲಪಾತ ನೋಡಲು ಜನ ಹಾದುಹೋಗುವ ಮಳವಳ್ಳಿಯ ಬಳಿ, ಜನರಲ್ ಹ್ಯಾರಿಸ್‌ನ ಈಸ್ಟ್ ಇಂಡಿಯಾ ಕಂಪನಿ ಸೈನ್ಯವೂ ಹೈದರಾಬಾದಿನ ನಿಜಾಮನ ಪಡೆಯೂ ಸೇರಿ ಮೈಸೂರಿನ ಟಿಪ್ಪು ಸುಲ್ತಾನನ ಸೈನ್ಯವನ್ನು ಹಿಮ್ಮೆಟ್ಟಿಸಿ, ಸೋಸಲೆಯಲ್ಲಿ ಕಾವೇರಿ ದಾಟಿ, ಮೇ 4ರಂದು ಶ್ರೀರಂಗಪಟ್ಟಣವನ್ನು ಕೆಡವಿದವು. ಈ ದಂಡಯಾತ್ರೆಯನ್ನು ಆತ್ಮರಕ್ಷಣೆಯೆಂದು ಸಮರ್ಥಿಸುವ ಪಾಠ ಇನ್ನೂ ನಿಂತಿಲ್ಲ.

ಶತ್ರು ಹೊಡೆಯಲು ಕೈಯೆತ್ತಿದ ಗಳಿಗೆಯಲ್ಲೇ ಅವನನ್ನು ತಡೆಯುವುದು ಪೂರ್ವಭಾವಿ ಯುದ್ಧ; ಎಂದೋ ಒಂದು ದಿನ ಅವನು ಬಲಿತಾನೆಂಬ ಶಂಕೆಯಿಂದ ಇಂದೇ ಮುಗಿಸುವುದು ನಿವಾರಣಾ ಯುದ್ಧ. ಮೊದಲನೆಯದಕ್ಕಾದರೂ ತರ್ಕವಿದೆ, ಎರಡನೆಯದು ನೆರೆಯವನ ಮನೆಯಲ್ಲಿ ಕುಡುಗೋಲಿದೆ ಎಂದು ಅವನ ಸೂರಿಗೆ ಬೆಂಕಿಯಿಡುವುದು.

ಗವರ್ನರ್ ಜನರಲ್ ವೆಲ್ಲೆಸ್ಲಿ ಮಾಡಿದ್ದು ಎರಡನೆಯದನ್ನೇ. ಟಿಪ್ಪು ಮಾರಿಷಸ್ಸಿಗೆ ರಾಯಭಾರಿಗಳನ್ನು ಕಳುಹಿಸಿದ್ದೂ ಫ್ರೆಂಚರ ನೆರವು ಬೇಡಿದ್ದೂ ನಿಜ. ಆದರೆ 1798ರಲ್ಲಿ ಮಂಗಳೂರಿಗೆ ಬಂದಿಳಿದ ಸ್ವಯಂಸೇವಕರು ನೂರು ಮಂದಿಯೂ ಇರಲಿಲ್ಲ, ಅದೇ ವರ್ಷದ ಆಗಸ್ಟಿನಲ್ಲಿ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ನೈಲ್ ನದಿಯ ಮುಖದಲ್ಲಿ ಫ್ರೆಂಚ್ ನೌಕಾಪಡೆಯನ್ನು ಧ್ವಂಸ ಮಾಡಿದ್ದನು, ಆ ಸುದ್ದಿ ಕೈಸೇರಿ ತಿಂಗಳುಗಳಾದ ಮೇಲೆ ವೆಲ್ಲೆಸ್ಲಿಯ ಸೈನ್ಯ ಹೊರಟಿತು. ಅಪಾಯ ಮುರಿದುಬಿದ್ದ ಮೇಲೂ ನಡೆದ ಯುದ್ಧ ಯಾವ ಆತ್ಮರಕ್ಷಣೆ? 1792ರ ಸೋಲಿನಲ್ಲೇ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಕೊಟ್ಟಿದ್ದ ಮೈಸೂರಿನಿಂದ, ಗೆದ್ದವರು ಇನ್ನಷ್ಟು ನೆಲ ಹಂಚಿಕೊಂಡು, ಉಳಿದ ರಾಜ್ಯದ ಮೇಲೆ ವರ್ಷಕ್ಕೆ ಏಳು ಲಕ್ಷ ವರಹಗಳ ಹೊರೆ ಹೊರಿಸಿದರು.

ಟಿಪ್ಪು ಕ್ರೂರಿಯಾಗಿದ್ದನಲ್ಲವೇ ಎಂದು ಕೇಳುವವರಿಗೆ, ಕಂಪನಿ ಕರುಣೆಯಿಂದ ಮಳವಳ್ಳಿಗೆ ಬಂದಿತ್ತೇ ಎಂದು ಮರಳಿ ಕೇಳಬೇಕು. ನವೆಂಬರ್ ಬಂತೆಂದರೆ ಟಿಪ್ಪು ಜಯಂತಿಯ ಹೆಸರಿನಲ್ಲಿ ಕಚ್ಚಾಡುವ ಎರಡೂ ಗುಂಪುಗಳಿಗೆ ಬೇಕಾಗಿರುವುದು ಒಬ್ಬ ರಾಜನ ಗುಣಾವಗುಣ ಮಾತ್ರ. ಒಬ್ಬರು ಅವನನ್ನು ಸಂತನಾಗಿಸಿದರೆ ಇನ್ನೊಬ್ಬರು ರಾಕ್ಷಸನಾಗಿಸುತ್ತಾರೆ, ದಂಡು ತುಳಿದ ಹೊಲಗಳ ರೈತ ಇಬ್ಬರಿಗೂ ಬೇಡ.

ಈ ವಾದ ಇಂದಿಗೂ ಜೀವಂತವಾಗಿದೆ. ಸಶಸ್ತ್ರ ದಾಳಿ ನಡೆದಾಗ ಆತ್ಮರಕ್ಷಣೆಯ ಹಕ್ಕುಂಟೆಂದು ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿ ಹೇಳುತ್ತದೆ, ಶಂಕೆಯ ಮಾತನ್ನು ಅದು ಎತ್ತುವುದಿಲ್ಲ. ಆದರೂ 2003ರಲ್ಲಿ ಶಂಕೆಯನ್ನೇ ನೆಪಮಾಡಿ ಇರಾಕಿನ ಮೇಲೆ ನುಗ್ಗಿದರು; ಅವರು ಹೇಳಿದ ಸಮೂಹನಾಶಕ ಅಸ್ತ್ರಗಳು ಸಿಗಲೇ ಇಲ್ಲ. 2025ರ ಜೂನ್‌ನಲ್ಲಿ ಇಸ್ರೇಲ್ ಇರಾನಿನ ಮೇಲೆ ಎರಗಿದಾಗ ಕೇಳಿಬಂದದ್ದೂ ವೆಲ್ಲೆಸ್ಲಿಯ ವಾದವೇ. ಮಳವಳ್ಳಿ, ಮದ್ದೂರು, ಮಂಡ್ಯದ ಪ್ರತಿ ಶಾಲೆಯೂ ಪ್ರತಿ ಗ್ರಾಮಸಭೆಯೂ ಈ ಮಾರ್ಚ್ 27ರಂದು 1799ರ ಯುದ್ಧವನ್ನು ಆಕ್ರಮಣವೆಂದೇ ಕರೆಯಲಿ.